ಎಳೆಯದೆ ಎಳೆ ಪರೀಕ್ಷಿಸುವ ಬಗ್ಗೆ

ಸುತ್ತೋಲೆ ಸಂಖ್ಯೆ: ಗಾ.ಎ.ಪ./ಎಳೆತ/೪೧

ವಿಷಯ: ಆಪ್ಟಿಕಲ್ ಫೈಬರಿನ ಗಾಜಿನ ಎಳೆಗಳ ಬಲಪರೀಕ್ಷೆಯಲ್ಲಿ ನಡೆಯುತ್ತಿರುವ ಎಳೆದಾಟವನ್ನು ನಿಲ್ಲಿಸುವ ಕುರಿತು.

ಉಲ್ಲೇಖ: ನಿರ್ದೇಶಕರು ದೂರವಾಣಿಯಲ್ಲಿ ಸ್ವತಃ ಕೇಳಿಸಿಕೊಂಡ ತಪ್ಪೊಪ್ಪಿಗೆ.

ಕೂದಲಿನಷ್ಟು ಸಪೂರವಾದ ಗಾಜಿನ ಎಳೆ ಎಷ್ಟು ಭಾರ ತಾಳುತ್ತದೆಂದು ತಿಳಿಯಲು, ಅದನ್ನು ಯಂತ್ರಕ್ಕೆ ಸಿಕ್ಕಿಸಿ ತುಂಡಾಗುವವರೆಗೆ ಎಳೆಯುವ ಪದ್ಧತಿ ಪ್ರಯೋಗಾಲಯದಲ್ಲಿ ರೂಢಿಯಲ್ಲಿದೆ. ಈ ಕೆಲಸದ ಹಿರಿಯ ಪರೀಕ್ಷಕಿಯವರನ್ನು (ಸಿಬ್ಬಂದಿ ಕರೆಯುವಂತೆ 'ಎಳೆಯಕ್ಕ') ಏನು ಮಾಡುತ್ತಿದ್ದೀರೆಂದು ನಿರ್ದೇಶಕರು ಕೇಳಲಾಗಿ, "ಬೆಳಗ್ಗೆಯಿಂದ ಎಳೀತಾನೇ ಇದೀನಿ ಸರ್, ಇನ್ನೂ ಮುಗಿದಿಲ್ಲ" ಎಂದು ಆಕೆ ನಾಚಿಕೆಯಿಲ್ಲದೆ ತಿಳಿಸಿರುತ್ತಾರೆ. ಕೆಲಸ ಎಳೆಯುವವರಿಗೆ ಇಲ್ಲಿ ಜಾಗವಿಲ್ಲವಾದ್ದರಿಂದ ಆಕೆಯನ್ನು ನೆಲಮಾಳಿಗೆಯ ಉಗ್ರಾಣಕ್ಕೆ ವರ್ಗಾಯಿಸಲು ತೀರ್ಮಾನಿಸಲಾಗಿತ್ತು. ಈಗ ಈ ಕೆಳಕಂಡಂತೆ ಆದೇಶಿಸಲಾಗಿದೆ:

೧. ಇನ್ನು ಮುಂದೆ ಯಾವ ಎಳೆಯನ್ನೂ ಎಳೆಯತಕ್ಕದ್ದಲ್ಲ. ಅದರ ಬಲವನ್ನು ನೋಡಿಯೇ ಅಂದಾಜಿಸತಕ್ಕದ್ದು; ಎಳೆ ಕಣ್ಣಿಗೆ ಕಾಣದಿದ್ದಲ್ಲಿ ಬಲವಾಗಿದೆಯೆಂದು ಭಾವಿಸತಕ್ಕದ್ದು.

೨. ಪರೀಕ್ಷೆಗೆ ಕೂತ ಎಳೆಗಳೆಲ್ಲ ತುಂಡಾಗಿ, ಒಂದೂ ಪಾಸಾಗದಿರುವುದು ಇಲಾಖೆಗೆ ಶೋಭೆಯಲ್ಲ. ತುಂಡಾಗಲಿಚ್ಛಿಸುವ ಎಳೆಗಳು ಮುಂಚಿತವಾಗಿ ಲಿಖಿತ ಅನುಮತಿ ಪಡೆಯತಕ್ಕದ್ದು.

೩. ಬೆರಳು ತಗುಲಿದರೆ ಗಾಜಿನ ಮೈಗೆ ಕಾಣದ ಗೀರು ಬಿದ್ದು ಎಳೆ ದುರ್ಬಲವಾಗುವುದೆಂಬ ನೆಪದಲ್ಲಿ, ನಿರ್ದೇಶಕರು ಮುಟ್ಟಿ ನೋಡಿದ ಎಳೆಯನ್ನು ಕಸಕ್ಕೆ ಹಾಕಲಾಗಿದೆ. ಮೇಲಧಿಕಾರಿಗಳ ಬೆರಳಿನಿಂದ ಎಳೆಯ ಬಲ ಹೆಚ್ಚುತ್ತದೆಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ.

೪. ಪರೀಕ್ಷಕಿಯವರು ಯಂತ್ರಕ್ಕೆ ಎಳೆ ಸಿಕ್ಕಿಸುವಾಗ ಜವಾನನು ಫ್ಯಾನ್ ಆರಿಸಿ, ಬೆವರುತ್ತಾ ಬಾಗಿಲಲ್ಲೇ ಉಸಿರು ಬಿಗಿಹಿಡಿದು ನಿಲ್ಲುವುದನ್ನು ನಿಷೇಧಿಸಲಾಗಿದೆ. ಕಚೇರಿ ವೇಳೆಯಲ್ಲಿ ಉಸಿರಾಟ ಕಡ್ಡಾಯ. ಆಕೆಯ ಬೆರಳಿಗೆ ಚುಚ್ಚಿದ ಗಾಜಿನ ಚೂರನ್ನು ಟೈಪಿಸ್ಟರು ತಮ್ಮ ಓದುವ ಕನ್ನಡಕ ಹಾಕಿಕೊಂಡು ಹುಡುಕಿ ತೆಗೆದಿರುತ್ತಾರೆ. ಇದು ಟೈಪಿಂಗ್ ಅಲ್ಲ.

೫. ಇನ್ನು ಯಾರು ಯಾರು ಎಳೆಯುತ್ತೀರೆಂದು ವಿಚಾರಣೆಯಲ್ಲಿ ಕೇಳಲಾಗಿ, ಯಂತ್ರದ ಹತ್ತಿರವೂ ಸುಳಿಯದ ಟೈಪಿಸ್ಟರು ಮೊದಲು ಎದ್ದು "ನಾನೂ ಎಳೀತೀನಿ ಸರ್" ಎಂದಿರುತ್ತಾರೆ. ಜವಾನನು "ಅಕ್ಕ ಎಳೆದಷ್ಟು ನನ್ನ ಕೈಲಾಗಲ್ಲ, ಏನೋ ಆದಷ್ಟು" ಎಂದಿರುತ್ತಾನೆ. ಲೆಕ್ಕಿಗರು ಈ ವಿಷಯದಲ್ಲಿ ತಮ್ಮದು ಬಹಳ ವರ್ಷಗಳ ಅನುಭವವೆಂದು ದಾಖಲಿಸಲು ಕೋರಿರುತ್ತಾರೆ.

೬. ಇವರೆಲ್ಲರನ್ನೂ ಉಗ್ರಾಣಕ್ಕೆ ಕಳಿಸಿದಲ್ಲಿ ನಿರ್ದೇಶಕರ ಕರೆಗಂಟೆಗೆ ಓಗೊಡಲು ಯಾರೂ ಉಳಿಯರು. ಆದಕಾರಣ, ಎಳೆಯದೆ ಪರೀಕ್ಷಿಸಬಲ್ಲ ಪರಿಣತರು ದೊರೆಯುವವರೆಗೆ ಪರೀಕ್ಷಕಿಯವರ ವರ್ಗಾವಣೆಯನ್ನು ತಡೆಹಿಡಿಯಲಾಗಿದೆ.

(ಸಹಿ ಇದೆ, ಓದಲಾಗುವುದಿಲ್ಲ)
ನಿರ್ದೇಶಕರ ಪರವಾಗಿ

ಪ್ರತಿಗಳು:
೧. ಪರೀಕ್ಷಕಿಯವರಿಗೆ, ಪಶ್ಚಾತ್ತಾಪಕ್ಕಾಗಿ.
೨. ಲೆಕ್ಕಿಗರಿಗೆ, ಕೋರಿಕೆಯಂತೆ ಅನುಭವವನ್ನು ದಾಖಲಿಸಿದ ಬಗ್ಗೆ.
೩. ಉಗ್ರಾಣಪಾಲಕರಿಗೆ: ಆಕೆ ಬರುವರೆಂದು ಒರೆಸಿ, ಅಲ್ಲಿರುವ ಒಂದೇ ದೀಪದ ಕೆಳಗೆ ಸರಿಸಿಟ್ಟಿರುವ ಮೇಜಿಗೆ ಮೊದಲಿನಂತೆ ಧೂಳು ಹಿಡಿಸಿ, ಕೂಡಲೇ ವರದಿ ಸಲ್ಲಿಸುವುದು.