ಶ್ರೀರಂಗಪಟ್ಟಣವೋ, ಹೆಸರಘಟ್ಟದ ಕೆರೆಯೋ

ಬೇರೆಯವರು ಊರು ನೋಡಲು ಹೊರಟರೆ ಸುಮ್ಮನೆ ಬಸ್ಸು ಹತ್ತುತ್ತಾರೆ. ನಮ್ಮ ಮನೆಯಲ್ಲಿ ಹೊರಡುವ ಮಾತೆತ್ತಿದರೆ ಸಾಕು, ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ಅದರ ಪೆಟ್ಟು ತಪ್ಪದೆ ನನಗೇ ಬೀಳುತ್ತದೆ.

ಇದು ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ನಾವಿದ್ದದ್ದು ದೇವನಹಳ್ಳಿಯ ಕೋಟೆಯೊಳಗೆ. ಮನೆಯಲ್ಲಿ ಅತ್ತೆ, ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದ ನಮ್ಮವರು, ಬೆಂಗಳೂರಿನ ಕಾರ್ಖಾನೆಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಮೈದುನ, ನಾನು, ನನ್ನ ಇಬ್ಬರು ಮಕ್ಕಳು. ಮದುವೆಯಾಗಿ ಎಂಟು ವರ್ಷವಾಗಿತ್ತು. ಅಷ್ಟರಲ್ಲಿ ನಾನು ಕಂಡದ್ದು ಕುಂದಾಣದ ತವರುಮನೆ ಮತ್ತು ನೆಂಟರಿಷ್ಟರ ಮದುವೆ ಚಪ್ಪರ. ಶ್ರೀರಂಗಪಟ್ಟಣ ನೋಡಬೇಕೆಂದು ಒಂದೇ ಒಂದು ಆಸೆ ಇಟ್ಟುಕೊಂಡಿದ್ದೆ. ಅದಕ್ಕೂ ಅಡ್ಡಗಾಲು ಹಾಕಿದವನು ಮೈದುನ. ಅವನಿಗೆ ಹೆಸರಘಟ್ಟದ ಕೆರೆಯೇ ಆಗಬೇಕಂತೆ. "ಆ ಹಳೇ ಗೋಡೆಗಳನ್ನ ಏನು ನೋಡ್ತೀರಾ ಅತ್ತಿಗೆ?" ಎಂದು ಮೂಗು ಮುರಿದ.

೧. ಸಾವಿನ ಮನೆ

ಅತ್ತೆಗೆ ಎರಡೂ ಬೇಡ. ಮೊದಲು ಕಿರಿಮಗನನ್ನು ಹಿಡಿದುಕೊಂಡರು. "ನಮ್ಮೂರ ಕೆರೇಲಿ ನೀರಿಲ್ವೇನೋ?"

"ಅದು ಎಮ್ಮೆ ಮೈ ತೊಳೆಯೋ ಕೆರೆ ಕಣಮ್ಮ."

"ಹೆಸರಘಟ್ಟದೋರು ಎಮ್ಮೆ ಸಾಕಲ್ವಾ?"

ನಾನು ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಅತ್ತೆ ನನ್ನ ಕಡೆ ತಿರುಗಿದರು. "ದಿನಾ ಕೋಟೆ ಗೋಡೆಗೆ ಹಗ್ಗ ಕಟ್ಟಿ ಬಟ್ಟೆ ಒಣಗಿಸ್ತೀಯ, ಸಾಲ್ದಾ? ಸುಲ್ತಾನ ಹುಟ್ಟಿದ್ದು ಇಲ್ಲಿ, ಕೂಗಿದ್ರೆ ಕೇಳೋ ದೂರ್ದಲ್ಲಿ. ಸತ್ತ ಜಾಗ ನೋಡೋಕೆ ಅಷ್ಟು ದೂರ ಹೋಗ್ಬೇಕಾ? ಸಾವಿನ ಮನೆಗೆ ಯಾರಾದ್ರೂ ರೇಷ್ಮೆ ಸೀರೆ ಉಟ್ಕೊಂಡು ಹೋಗ್ತಾರೇನೇ?"

ನೀವೇ ಹೇಳಿ ಎಂದು ನಮ್ಮವರನ್ನು ಕೇಳಿದೆ. ಅವರು ಪತ್ರಿಕೆಯಿಂದ ತಲೆ ಎತ್ತಿ, "ಇಬ್ರು ಹೇಳೋದೂ ಸರಿಯಾಗೇ ಇದೆ" ಎಂದರು.

ಮಾತಾಡಿದ್ದವರು ಮೂವರು. ಬಿಟ್ಟುಹೋದವರು ಯಾರು ಅಂತ ನಾನು ಕೇಳಲಿಲ್ಲ.

೨. ದೇವರ ಬಲಗಡೆ

ಜಗಳ ಹದಿನೈದು ದಿನ ನಡೆಯಿತು. ಕೊನೆಗೆ ಅತ್ತೆ, "ದೇವ್ರನ್ನೇ ಕೇಳ್ಬಿಡೋಣ" ಎಂದರು. ನಮ್ಮಲ್ಲಿ ಬಾವಿ ತೋಡುವುದಕ್ಕೂ, ಹಸು ಕೊಳ್ಳುವುದಕ್ಕೂ, ಹೆಣ್ಣು ತರುವುದಕ್ಕೂ ಹೂವಿನ ಪ್ರಸಾದ ಕೇಳುವುದು ವಾಡಿಕೆ. ದೇವರ ಮೇಲಿಟ್ಟ ಹೂವು ಬಲಗಡೆ ಬಿದ್ದರೆ ಶ್ರೀರಂಗಪಟ್ಟಣ, ಎಡಗಡೆ ಬಿದ್ದರೆ ಕೆರೆ ಎಂದು ಮಾತಾಯಿತು.

ಪೂಜಾರಿ ಗಂಟೆ ಬಾರಿಸಿದರು. ನಾನು ಉಸಿರು ಬಿಗಿಹಿಡಿದು ನಿಂತೆ. ಸೇವಂತಿಗೆ ಹೂವು ಬಲಗಡೆಯಿಂದ ಪಟ್ಟನೆ ಜಾರಿತು. ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರೇ ಬಂತು.

"ತಡೀರಿ" ಎಂದ ಮೈದುನ. "ಅದು ದೇವ್ರ ಬಲಗಡೆ. ನಾವು ಮಾತಾಡಿಕೊಂಡಿದ್ದು ನಮ್ಮ ಬಲಗಡೆ. ನಮಗೆ ಅದು ಎಡ ಅಲ್ವಾ?"

ಅತ್ತೆ ಯೋಚಿಸಿ ಹೌದೆಂದರು! ನನಗೆ ಮೈಯೆಲ್ಲ ಉರಿಯಿತು. "ನನ್ನನ್ನ ತರೋದಕ್ಕೆ ಮುಂಚೆ ಕೇಳಿದಾಗ ದೇವರ ಬಲಗಡೆ ಅಂತಲೇ ಲೆಕ್ಕ ಹಿಡಿದ್ರಲ್ಲ. ಈಗ ನಿಮ್ಮ ಬಲಗಡೆ ಅಂದ್ರೆ, ಅವತ್ತು ದೇವರು ಬೇಡ ಅಂದಿದ್ದ ಅಂತಾಯ್ತು!"

ನಮ್ಮವರು ಗರ್ಭಗುಡಿಯ ಕಡೆ ನೋಡುತ್ತಾ ನಿಧಾನವಾಗಿ, "ನಂಗೆ ಅವತ್ತಿಂದ್ಲೂ ಒಂದು ಸಣ್ಣ ಅನುಮಾನ ಇತ್ತು" ಎಂದರು.

೩. ಓಮದ ನೀರು

ಆ ಮಾತಿಗೆ ನಾನು ಎರಡು ದಿನ ಒಲೆ ಹಚ್ಚಲಿಲ್ಲ. ಅತ್ತೆ ತಾವಾಗಿಯೇ ಶ್ರೀರಂಗಪಟ್ಟಣಕ್ಕೆ ಒಪ್ಪಿದರು. ಆದರೆ ಅಲ್ಲಿಗೆ ಹೋಗಿಬರಲು ಎರಡು ದಿನ ರಜೆ ಬೇಕು. ನಮ್ಮವರು ಸಾಹೇಬರ ಮುಂದೆ ನಿಂತರು.

"ಯಾರ್ರೀ ಹೋಗ್ಬಿಟ್ರು?" ಎಂದರಂತೆ ಸಾಹೇಬರು.

"ಯಾರೂ ಇಲ್ಲ ಸಾರ್."

"ಮದುವೆನಾ?"

"ಅಲ್ಲ ಸಾರ್. ಸುಮ್ನೆ ಊರು ನೋಡ್ಕೊಂಡು ಬರೋಕೆ."

"ಸುಮ್ನೆ ಅನ್ನೋದಕ್ಕೆಲ್ಲ ರಜೆ ಕೊಡ್ತಾರೇನ್ರಿ?"

ನಮ್ಮವರು ಹೆದರಿ, ಅಲ್ಲೇ ನಿಂತು, ಹೆಂಡತಿಗೆ ವಿಪರೀತ ಹೊಟ್ಟೆನೋವು ಎಂದುಬಿಟ್ಟರು. ಸಾಹೇಬರು ಒಳ್ಳೆಯವರು. ರಜೆ ಕೊಡಲಿಲ್ಲ, ತಮ್ಮ ಮನೆಯಿಂದ ಓಮದ ಕಾಳು ತರಿಸಿ, ಜವಾನನ ಜೊತೆ ನಮ್ಮವರನ್ನು ಮನೆಗೆ ಕಳಿಸಿದರು. ನಾನು ಜಗುಲಿಯಲ್ಲಿ ಒನಕೆ ಹಿಡಿದು ಮೆಣಸಿನಕಾಯಿ ಕುಟ್ಟುತ್ತಿದ್ದೆ. ನಮ್ಮವರು ಜವಾನನ ಬೆನ್ನ ಹಿಂದಿನಿಂದ ಕಣ್ಣು ಮಿಟುಕಿಸಿ, ಹೊಟ್ಟೆ ಹಿಡಿದುಕೊಂಡು ತೋರಿಸಿದರು. ಒನಕೆ ಕೆಳಗಿಟ್ಟು ನರಳಿದೆ. ಇನ್ನೇನು ಮಾಡಲಿ?

ಅತ್ತೆ ಓಮ ಕುದಿಸಿ ತಂದುಕೊಟ್ಟರು. ಸಾಹೇಬರಿಗೆ ವರದಿ ಒಪ್ಪಿಸಬೇಕಂತೆ, ಲೋಟ ಖಾಲಿಯಾಗುವವರೆಗೂ ಜವಾನ ಕದಲಲಿಲ್ಲ. ಶ್ರೀರಂಗಪಟ್ಟಣ ಕೇಳಿದವಳಿಗೆ ಸಿಕ್ಕಿದ್ದು ಒಂದು ಲೋಟ ಓಮದ ಕಷಾಯ.

೪. ಕೆರೆಯ ಪ್ರವಾಸ

ರಜೆ ಇಲ್ಲದ ಮೇಲೆ ಭಾನುವಾರ ಒಂದೇ ದಿನದಲ್ಲಿ ಮುಗಿಯುವುದು ಕೆರೆಯೇ. ಮೈದುನ ಇಸ್ತ್ರಿ ಮಾಡಿದ ಷರಟು ಹಾಕಿ, ತಲೆಗೆ ಎಣ್ಣೆ ಸುರಿದುಕೊಂಡು ಮುಂದೆ ಮುಂದೆ ನಡೆದ. ಕೆರೆಗೆ ಬರಿಗೈಯಲ್ಲಿ ಹೋಗಬಾರದು, ಗಂಗಮ್ಮನಿಗೆ ಪೂಜೆ ಮಾಡಬೇಕು ಎಂದು ಅತ್ತೆ ತಟ್ಟೆ ತುಂಬ ಹೂವು, ಹಣ್ಣು, ವೀಳ್ಯದೆಲೆ, ತೆಂಗಿನಕಾಯಿ ಜೋಡಿಸಿ ನನ್ನ ಕೈಗಿತ್ತರು. ಮಕ್ಕಳನ್ನೂ ಕಟ್ಟಿಕೊಂಡು ಎರಡು ಬಸ್ಸು ಬದಲಾಯಿಸಿ, ಕೆರೆಯ ಪಕ್ಕದ ಹಳ್ಳಿಯೊಂದರಲ್ಲಿ ಇಳಿದೆವು.

ಇಳಿದ ತಕ್ಷಣ ಪೇಟ ಕಟ್ಟಿದ ಯಜಮಾನರೊಬ್ಬರು ಓಡಿಬಂದು ಕೈಮುಗಿದರು. "ಬನ್ನಿ ಬನ್ನಿ, ನಿಮ್ಮನ್ನೇ ಕಾಯ್ತಿದ್ವಿ!"

"ಎಷ್ಟು ಒಳ್ಳೆ ಜನ ನೋಡು" ಎಂದು ನಮ್ಮವರು ಅವರ ಹಿಂದೆಯೇ ಹೊರಟರು. ದೊಡ್ಡ ತೊಟ್ಟಿಮನೆ. ಚಾಪೆ ಹಾಸಿತ್ತು. ಉಪ್ಪಿಟ್ಟು, ಕೇಸರಿಬಾತು ಬಂತು. ಅತ್ತೆ ಒಳಗಿನ ಹೆಂಗಸರ ಜೊತೆ ಯಾರ ಪೈಕಿ, ಯಾವೂರ ಕಡೆ ಎಂದು ಕೇಳುತ್ತಾ ಕೇಳುತ್ತಾ ಅರ್ಧ ಗಂಟೆಯಲ್ಲಿ ನೆಂಟಸ್ತಿಕೆಯನ್ನೇ ಪತ್ತೆ ಮಾಡಿದರು. ನಮ್ಮವರು ಎರಡನೇ ಸಲ ಕೇಸರಿಬಾತು ಹಾಕಿಸಿಕೊಂಡು, "ಯಜಮಾನ್ರೇ, ಕೆರೆ ಯಾವಾಗ ತೋರಿಸ್ತೀರಾ?" ಎಂದು ಕೇಳಿದರು.

ಯಜಮಾನರು ನಕ್ಕುಬಿಟ್ಟರು. "ಕೆರೆ ಎಲ್ಲೋಗುತ್ತೆ ಸ್ವಾಮಿ? ಮೊದ್ಲು ಹುಡುಗಿ ನೋಡಿ!"

ನನ್ನ ಕೈಯಲ್ಲಿದ್ದ ಪೂಜೆಯ ತಟ್ಟೆಯ ಮೇಲೆ ಆಗ ನನ್ನ ಕಣ್ಣು ಬಿತ್ತು. ಅವತ್ತು ಅವರ ಮನೆಗೆ ಹೆಣ್ಣು ನೋಡಲು ಯಾರೋ ಬರುವವರಿದ್ದರಂತೆ. ಹೂವು, ಹಣ್ಣು, ತೆಂಗಿನಕಾಯಿ, ನಾನುಟ್ಟ ರೇಷ್ಮೆ ಸೀರೆ, ಎಣ್ಣೆ ಹಾಕಿದ ಗಂಡು. ಇಷ್ಟೆಲ್ಲ ಇಟ್ಟುಕೊಂಡು ಸುಮ್ಮನೆ ನೀರು ನೋಡಲು ಬಂದವರು ಎಂದು ಯಾರು ತಾನೆ ನಂಬುತ್ತಾರೆ? ನಾನು ನಿಜ ಹೇಳಲು ಬಾಯಿ ತೆರೆದೆ. ಅತ್ತೆ ತೊಡೆ ಚಿವುಟಿದರು. ಅಷ್ಟರಲ್ಲಿ ಹುಡುಗಿ ಬಂದು ಕೂತಳು. ಮೈದುನ ತೆರೆದ ಬಾಯಿ ಮುಚ್ಚಲಿಲ್ಲ.

"ಏನಾದ್ರೂ ಕೇಳೋದಿದ್ರೆ ಕೇಳಪ್ಪ" ಎಂದರು ಯಜಮಾನರು. ಹುಡುಗಿಯೇ ತಲೆ ಎತ್ತಿ ಕೇಳಿದಳು: "ಮದ್ವೆ ಆದ್ಮೇಲೆ ನನ್ನ ಶ್ರೀರಂಗಪಟ್ಟಣಕ್ಕೆ ಕರ್ಕೊಂಡು ಹೋಗ್ತಾರಾ? ಹುಟ್ಟಿದಾಗಿಂದ ಈ ಕೆರೆ ನೋಡಿ ನೋಡಿ ಸಾಕಾಗಿದೆ."

"ಶ್ರೀರಂಗಪಟ್ಟಣಾನಾ?" ಎಂದ ನನ್ನ ಮೈದುನ. "ಚಿಕ್ಕಂದಿನಿಂದ ನಂಗೂ ಅದೇ ಆಸೆ!"

ಇಷ್ಟು ಹೊತ್ತು ತಡೆದುಕೊಂಡಿದ್ದೆ. ಇನ್ನು ಆಗಲಿಲ್ಲ. ತಟ್ಟೆ ಕೆಳಗೆ ಕುಕ್ಕಿದೆ. ತಿಂಗಳಿಂದ ನಡೆದದ್ದನ್ನೆಲ್ಲ, ಎಮ್ಮೆ, ಹೂವು, ಓಮದ ಕಷಾಯ ಒಂದೂ ಬಿಡದೆ, ತುಂಬಿದ ತೊಟ್ಟಿಯಲ್ಲಿ ಹೇಳಿಬಿಟ್ಟೆ. ನಾವು ಹೆಣ್ಣು ನೋಡಲು ಬಂದವರೇ ಅಲ್ಲ ಅಂತಲೂ ಹೇಳಿದೆ. ಯಜಮಾನರು ಪೇಟ ತೆಗೆದು ಪಕ್ಕಕ್ಕಿಟ್ಟರು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಹುಡುಗಿ ಮಾತ್ರ ಎದ್ದು ಬಂದು ನನ್ನ ಪಕ್ಕದಲ್ಲಿ ಕೂತಳು. "ಅಕ್ಕಾ, ಹಂಗಾದ್ರೆ ಈ ಗಂಡಸರಿಬ್ರೂ ಮನೇಲಿ ಮಕ್ಕಳನ್ನ ನೋಡ್ಕೊಂಡಿರ್ಲಿ. ಶ್ರೀರಂಗಪಟ್ಟಣಕ್ಕೆ ನಾವಿಬ್ರೇ ಹೋಗ್ಬರೋಣ."

ಆ ಮನೆಯಲ್ಲಿ ಹುಡುಗಿ ಒಪ್ಪಿಗೆ ಎಂದು ಮೊದಲು ಹೇಳಿದವಳು ನಾನು.