ಕಾವಿನ ಮೀಟರು ಮಾರಲು ಹೊರಟವನ ಪಾಡು

ಹೋಟೆಲು, ಬೇಕರಿಗಳ ಒಲೆಯ ಕಾವು ಅಳೆಯುವ ಮೀಟರು ಮಾರುವವನಿಗೆ ಅವಮಾನಕ್ಕೇನೂ ಬರವಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಕೋಲಾರದ ಕಡೆ ನನಗೆ ಬಸ್ಸಿಳಿದ ಊರಲ್ಲೆಲ್ಲ ಒಂದೊಂದು ಸಿಗುತ್ತಿತ್ತು. ಈ ತಿಂಗಳು ಒಂದಾದರೂ ಮಾರದಿದ್ದರೆ ಕೆಲಸಕ್ಕೆ ಬರಬೇಡ ಅಂತ ಯಜಮಾನರು ಬೇರೆ ಹೇಳಿ ಕಳಿಸಿದ್ದರು.

ಮಾಲೂರು

ಬೇಕರಿ ಮಾಲೀಕ ಸೌದೆ ಒಲೆಯೊಳಕ್ಕೆ ಮೊಣಕೈವರೆಗೂ ಕೈ ತೂರಿಸಿ ತೆಲುಗಿನಲ್ಲಿ ಎಣಿಸತೊಡಗಿದ. "ಒಕಟಿ, ರೆಂಡು, ಮೂಡು..." ಎಂಟಕ್ಕೆ ಕೈ ಎಳೆದುಕೊಂಡ.

"ಎಂಟಕ್ಕೆ ಕೈ ಸುಟ್ರೆ ಬನ್ನು, ಹನ್ನೆರಡಕ್ಕೆ ಸುಟ್ರೆ ಬಿಸ್ಕತ್ತು. ನಿನ್ ಮೀಟ್ರು ಏನಂತೈತೆ?"

"ಇನ್ನೂರ ಇಪ್ಪತ್ತು."

"ಅಷ್ಟೊಂದು ಎಣಿಸೋಕೆ ನಂಗೆ ಟೈಮಿಲ್ಲ ಕಣಪ್ಪ."

ಮುಳಬಾಗಿಲು

ತಿರುಪತಿ ಬಸ್ಸು ನಿಲ್ಲುವ ಕಡೆಯ ಹೋಟೆಲಿನ ದೋಸೆ ಕಾವಲಿಗೆ ಮೀಟರಿಟ್ಟು ತೋರಿಸಿದೆ. ಮಾಲೀಕರು ಪೊರಕೆಯಿಂದ ಕಾವಲಿಗೆ ನೀರು ಚಿಮುಕಿಸಿದರು. ಚುಂಯ್!

"ನಿಮ್ದು ಹಿಂಗೆ ಸದ್ದು ಮಾಡ್ತೈತಾ ಸಾರ್?"

"ಇಲ್ಲ, ಮುಳ್ಳು ತೋರಿಸುತ್ತೆ."

"ಮುಳ್ಳು ನೋಡಿ ಯಾರು ಬಸ್ ಇಳೀತಾರೆ? ಈ ಚುಂಯ್ ಕೇಳಿದ್ರೆ ತಿರುಪತಿಗೆ ಹೊರಟೋರೂ ಇಳೀತಾರೆ."

ಹಾಳಾದ್ದು, ನನಗೂ ಹಸಿವಾಯಿತು. ಮಾರಲು ಹೋದವನು ಎರಡು ದೋಸೆ ಕೊಂಡು ತಿಂದು ಬಂದೆ.

ಶ್ರೀನಿವಾಸಪುರ

ಮಿಠಾಯಿ ಅಂಗಡಿಯವರು ಮಾತ್ರ, "ಇಟ್ಟೋಗಿ, ಪರೀಕ್ಷೆ ಮಾಡಿ ಹೇಳ್ತೀನಿ" ಅಂದರು. ವಾರ ಬಿಟ್ಟು ಹೋದರೆ ಮೀಟರು ದೇವರ ಪಟದ ಪಕ್ಕದಲ್ಲಿ, ಕುಂಕುಮ ಇಟ್ಟುಕೊಂಡು ಕೂತಿತ್ತು.

"ಒಲೆ ಹತ್ರ ಇಟ್ರೆ ಶಾಖಕ್ಕೆ ಕೆಟ್ಟೋಗಲ್ವಾ ಸಾರ್?"

ಕೋಲಾರ

ಉಳಿದದ್ದು ಒಂದು ಕಾರ್ಖಾನೆಯ ಕ್ಯಾಂಟೀನು. ಬೋಂಡ ಕರಿಯುವ ಬಾಣಲೆಗೆ ಯಾವ ಮೀಟರು ಒಳ್ಳೆಯದೆಂದು ಆರಿಸಲು ಮೂವರು ಆಫೀಸರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅಡುಗೆ ಭಟ್ಟರು ಮೂಲೆಯಲ್ಲಿ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದರು. ಮೀಟರು ಬಂದರೆ ಕೆಲಸ ಹೋಗುತ್ತದೆ ಅಂತ ಅವರಿಗೆ ಭಯ. ಬರದಿದ್ದರೆ ಹೋಗುತ್ತದೆ ಅಂತ ನನಗೆ.

ನನ್ನ ಚೀಲದಲ್ಲಿದ್ದದ್ದು ಎರಡು ಬಗೆಯ ಮೀಟರು: ಗಾಜಿನ ಕಡ್ಡಿಯದು, ಗುಂಡು ಮುಖದ್ದು. ಎರಡನ್ನೂ ಒಂದೇ ಎಣ್ಣೆಗಿಳಿಸಿದೆ. ಕಡ್ಡಿ ನೂರ ಎಪ್ಪತ್ತು ಅಂದಿತು, ಗುಂಡು ನೂರ ತೊಂಬತ್ತೈದು ಅಂದಿತು.

"ಯಾವುದ್ರೀ ಸರಿ?" ದೊಡ್ಡ ಆಫೀಸರು ಗುಡುಗಿದರು.

ನಾನು ಭಟ್ಟರ ಮುಖ ನೋಡಿದೆ. ಅವರು ಚಿಟಿಕೆ ಹಿಟ್ಟು ಎಣ್ಣೆಗೆ ಬಿಟ್ಟು, ಅದು ಮೇಲೇಳುವುದನ್ನು ನೋಡಿ ಹೇಳಿದರು: "ಕಡ್ಡೀದೇ ಸರಿ ಸಾರ್. ಗುಂಡಗಿರೋದು ಸುಳ್ಳು ಹೇಳ್ತಿದೆ."

ಮೂವರೂ ಗಂಭೀರವಾಗಿ ತಲೆದೂಗಿ ಅಲ್ಲೇ ಆರ್ಡರು ಬರೆದರು: ಕಡ್ಡಿ ಮೀಟರು, ಒಂದು. ನನ್ನ ಕೆಲಸ ಉಳಿಯಿತು. ಅದರ ಕೆಳಗೆ ಭಟ್ಟರ ಕೆಲಸ ಉಳಿಸಿದ ಸಾಲೂ ಇತ್ತು: ಮೀಟರು ಸರಿಯಾಗಿದೆಯೇ ಎಂದು ಭಟ್ಟರು ದಿನಾ ಬೆಳಿಗ್ಗೆ ಹಿಟ್ಟು ಹಾಕಿ ಪರೀಕ್ಷಿಸತಕ್ಕದ್ದು.