ಗೇಮು ಓದಿಸೋಕೆ ಕಾಲೇಜು ಹುಡುಕಿದ್ದು

ನಮ್ಮ ಮನೇಲಿ ಒಂದು ಕೆಲಸ ಸಲೀಸಾಗಿ ಮುಗಿದಿದ್ದನ್ನ ಇವತ್ತಿನವರೆಗೂ ನಾನು ಕಂಡಿಲ್ಲ. ಗ್ಯಾಸ್ ಸಿಲಿಂಡರ್ ಬದಲಾಯಿಸೋಕೂ ನಾಲ್ಕು ಜನರ ಅಭಿಪ್ರಾಯ ಬೇಕು. ಅಂಥಾದ್ರಲ್ಲಿ ಮಗಳು ಪ್ಲಸ್ ಟೂ ಮುಗಿಸಿ, "ನಾನು ಕಂಪ್ಯೂಟರ್ ಗೇಮ್ ಡಿಸೈನ್ ಓದ್ತೀನಿ" ಅಂದ್ಲು. ನಾನು ಹೊಸೂರಿನ ಫ್ಯಾಕ್ಟ್ರೀಲಿ ಇನ್‌ಸ್ಪೆಕ್ಷನ್ ಕೆಲಸದೋನು. ಇಪ್ಪತ್ತು ವರ್ಷದಿಂದ ಬೇರೆಯವರು ಮಾಡಿದ್ರಲ್ಲಿ ತಪ್ಪು ಹುಡುಕಿ ಸಂಬಳ ತಗೊಳ್ತಿದೀನಿ. ಒಂದು ಕಾಲೇಜು ಹುಡುಕೋದು ಏನ್ ಮಹಾ ಅಂದ್ಕೊಂಡೆ.

೧. ಪಕ್ಕದ ಮನೆಯ ಬೇಡಿಕೆ

ನಾವಿರೋ ಆಲಸನತ್ತಂನಲ್ಲಿ ಸುದ್ದಿ ಹಬ್ಬೋಕೆ ಒಂದು ಬಕೆಟ್ ಬಟ್ಟೆ ಒಣಗಾಕೋ ಹೊತ್ತು ಸಾಕು. ಪಕ್ಕದ ಮನೆಯಾಕೆ ಅವತ್ತೇ ಬಂದ್ರು. ಅವರ ಮಗ ಊಟ ಬಿಟ್ಟರೂ ಮೊಬೈಲ್ ಬಿಡೋನಲ್ಲ.

"ನೀನು ಇದನ್ನೇ ಓದ್ತೀಯಂತೆ. ಹತ್ತು ನಿಮಿಷ ಆಡಿದ್ರೆ ಸಾಕು, ಬೇಜಾರಾಗಿ ಫೋನ್ ಎತ್ತಿ ಬಿಸಾಕ್ಬೇಕು. ಅಂಥಾದ್ದೊಂದು ಗೇಮ್ ನನ್ ಮಗನಿಗೆ ಮಾಡ್ಕೊಡಮ್ಮ," ಅಂದ್ರು.

ಮಗಳು ನಿಟ್ಟುಸಿರು ಬಿಟ್ಲು. "ಅಂಥಾವು ಆಗ್ಲೇ ಮೂರು ಮಾಡಿಟ್ಟಿದೀನಿ ಆಂಟಿ. ಅದಕ್ಕೇ ಕಾಲೇಜಿಗೆ ಹೋಗ್ಬೇಕು ಅಂತಿರೋದು."

೨. ಗೀರು ಬೀಳದ ಲ್ಯಾಬು

ಮೊದಲು ಕೃಷ್ಣಗಿರಿ ಕಡೆಯ ಒಂದು ಕಾಲೇಜಿಗೆ ಹೋದ್ವಿ. ಇದು ನಮ್ಮವ್ವನ ಆಯ್ಕೆ. ಕಾಲೇಜು ಬಸ್ಸು ನಮ್ಮ ಬೀದಿ ತುದಿಗೇ ಬರುತ್ತೆ, ಮೊಮ್ಮಗಳು ಸಾಯಂಕಾಲಕ್ಕೆ ಮನೇಲಿರ್ತಾಳೆ. ಅವ್ವನಿಗೆ ಅಷ್ಟೇ ಬೇಕಾಗಿದ್ದು.

ಅಲ್ಲಿನ ಮೇಷ್ಟ್ರು ನಮ್ಮ ಚಪ್ಪಲಿ ಹೊರಗೆ ಬಿಡಿಸಿ, ಬೀಗ ತೆಗೆದು ಲ್ಯಾಬ್ ತೋರಿಸಿದ್ರು. ಎಲ್ಲ ಕಂಪ್ಯೂಟರಿಗೂ ಪ್ಲಾಸ್ಟಿಕ್ ಹೊದಿಕೆ, ಅದರ ಮೇಲೆ ಆಯುಧಪೂಜೆಯ ಕುಂಕುಮ.

"ಒಂದನ್ನ ಆನ್ ಮಾಡಿ ಸಾರ್," ಅಂದೆ.

ಅವರಿಗೆ ಗಾಬರಿಯಾಯ್ತು. "ವೇಂಡಾಂ ಸಾರ್, ಬೇಡ! ತಂದು ನಾಲ್ಕು ವರ್ಷ ಆಯ್ತು, ಒಂದು ಗೀರು ಬಿದ್ದಿಲ್ಲ. ಹುಡುಗರ ಕೈ ಮುಟ್ಟೋಕೇ ಬಿಟ್ಟಿಲ್ಲ."

ಅವ್ವ ನನ್ನ ಕಿವೀಲಿ ಅಂದ್ಲು: "ನೋಡ್ಲಾ, ಎಷ್ಟು ಜ್ವಾಪಾನವಾಗಿ ಮಡಗವ್ರೆ! ನಮ್ ಹುಡುಗೀನೂ ಇಂಗೇ ನೋಡ್ಕೊತಾರೆ ಕಣ್ಲಾ."

೩. ಆರು ಸಲ ಹೊಳೆಗೆ

ಎರಡನೇದು ನನ್ನ ಜತೆ ಕೆಲಸ ಮಾಡೋರೊಬ್ರು ಹೇಳಿದ್ದು, ಕೊಯಮತ್ತೂರಿನದು. ಸೇರಿದ್ರೆ ಹಾಸ್ಟೆಲ್ಲೇ ಗತಿ. ಲ್ಯಾಬ್ ನೋಡಿದ್ರೆ ಸಂತೆ: ವೈರು, ಟೀ ಲೋಟ, ಕೂಗಾಟ. ಒಬ್ಬ ವಿದ್ಯಾರ್ಥಿನಿ ತಾನು ಮಾಡಿದ ಗೇಮನ್ನ ನನ್ನ ಕೈಗೇ ಕೊಟ್ಟು ಆಡಿ ಅಂದ್ಲು. ಒಂದು ಸೇತುವೆ ದಾಟ್ಬೇಕು. ಆರು ಸಲ ಹೊಳೆಗೆ ಬಿದ್ದೆ. ಬಿದ್ದಾಗೆಲ್ಲ ಆ ಹುಡುಗಿ ಪುಸ್ತಕದಲ್ಲಿ ಬರ್ಕೊಂಡ್ಲು.

"ನನಗೆ ಮಾರ್ಕ್ಸ್ ಹಾಕ್ತಿದೀಯೇನಮ್ಮ?" ಅಂದೆ.

"ಇಲ್ಲ ಅಂಕಲ್, ತಪ್ಪು ನಂದು. ನೀವು ಆರು ಸಲ ಬಿದ್ರಿ ಅಂದ್ರೆ ನಾನು ಕಟ್ಟಿರೋ ಸೇತುವೇನೇ ಸರಿಯಿಲ್ಲ."

ಮಗಳು ಆ ಹುಡುಗಿ ಪಕ್ಕ ನೆಲದಲ್ಲೇ ಕೂತ್ಬುಟ್ಲು. ಬಸ್ಸಿನ ಹೊತ್ತಾಯ್ತು ಅಂದ್ರೂ ಏಳ್ಲಿಲ್ಲ. ನಾನಂತೂ ಮನಸ್ಸಿನಲ್ಲೇ ಆ ಕಾಲೇಜಿಗೆ ಪಾಸ್ ಸೀಲು ಹೊಡೆದೆ. ಫ್ಯಾಕ್ಟ್ರೀಲಿ ಇಪ್ಪತ್ತು ವರ್ಷದಲ್ಲಿ 'ತಪ್ಪು ನಂದು' ಅಂದೋರು ಒಬ್ರೂ ಸಿಕ್ಕಿರ್ಲಿಲ್ಲ.

೪. ಊರಮ್ಮನ ಅಪ್ಪಣೆ

ಕೊಯಮತ್ತೂರಿನವರು ಸೀಟು ಕೊಟ್ರು. ಬೇಕೋ ಬೇಡ್ವೋ ಅಂತ ತಿಳಿಸೋಕೆ ಒಂದೇ ದಿನ ಉಳಿದಿತ್ತು. ಮಗಳು ನೆಟ್ಟಗೆ ಊಟ ಮಾಡ್ತಿರ್ಲಿಲ್ಲ. ಅವ್ವನ ಮುಂದೆ ಬಾಯಿ ಬಿಡೋ ಧೈರ್ಯ ನನಗಿರ್ಲಿಲ್ಲ.

"ನೀನೂ ಬ್ಯಾಡ, ನಾನೂ ಬ್ಯಾಡ. ಊರಮ್ಮನ್ನೇ ಕೇಳ್ಬುಡಾನ," ಅಂದ್ಲು ಅವ್ವ.

ಉದ್ದನಪಲ್ಲಿ ಹತ್ರ ನಮ್ಮ ಹುಟ್ಟೂರಿನ ಗುಡಿ. ಪೂಜಾರಪ್ಪ ಹೂವನ್ನ ನೀರಲ್ಲದ್ದಿ ದೇವಿಯ ಎರಡೂ ಭುಜಕ್ಕೆ ಅಂಟಿಸ್ತಾರೆ. ಯಾವ ಕಡೇದು ಬೀಳುತ್ತೋ ಅದೇ ಅಪ್ಪಣೆ. ಬಲಗಡೆ ಬಿದ್ರೆ ಕೃಷ್ಣಗಿರಿ, ಎಡಗಡೆ ಬಿದ್ರೆ ಕೊಯಮತ್ತೂರು ಅಂತ ಮಾತಾಯ್ತು. ಕೈ ಮುಗಿದು ನಿಂತ್ವಿ. ಅರ್ಧ ಗಂಟೆ ಆಯ್ತು. ಒಂದು ಗಂಟೆ ಆಯ್ತು. ಒಂದು ಎಸಳೂ ಅಲುಗಲಿಲ್ಲ.

"ಏನ್ ಪೂಜಾರಪ್ಪ ಇದು?" ಅವ್ವ ರೇಗಿದ್ಲು.

"ನನ್ನೇನ್ ಕೇಳ್ತೀಯಕ್ಕ? ಎಡಗಡೇದು ಬೀಳ್ದಂಗೆ ಭದ್ರವಾಗಿ ಅಂಟ್ಸು ಅಂತ ಬೆಳಗ್ಗೆ ನೀನು ಫೋನ್ ಮಾಡ್ದೆ. ಬಲಗಡೇದು ಭದ್ರವಾಗಿ ಅಂಟ್ಸು ಅಂತ ನಿನ್ ಮಗ ಫೋನ್ ಮಾಡ್ದ. ಇಬ್ರ ಮಾತೂ ನಡೆಸಿದೀನಿ. ಇನ್ನೆಲ್ಲಿಂದ ಬಿದ್ದಾತು?"

ಅವ್ವ ನೆಲ ನೋಡಿದ್ಲು. ನಾನು ಚಾವಣಿ ನೋಡ್ದೆ.

"ಯಾರಾದ್ರೂ ಒಬ್ರ ಮಾತು ಕೇಳಿದ್ರೆ ಆಗ್ತಿತ್ತಪ್ಪ," ಅಂದ್ಲು ಅವ್ವ.

"ನಾನೂ ಅಂಗೇ ಅಂದ್ಕೊಂಡಿದ್ದೆ. ಅಷ್ಟ್ರಲ್ಲಿ ನಿನ್ ಮೊಮ್ಮಗಳು ಫೋನ್ ಮಾಡಿದ್ಲು. 'ಇಬ್ರೂ ನಿಮಗೆ ಹೇಳಿದ್ದು ಕೇಳಿಸ್ಕೊಂಡೆ ತಾತ. ಇಬ್ರು ಹೇಳಿದಂಗೂ ಮಾಡಿ. ಯಾವ ಹೂವೂ ಬೀಳ್ದಿದ್ರೆ ಆಗಾದ್ರೂ ನನ್ನ ಕೇಳ್ತಾರೆ' ಅಂದ್ಲು."

ನನಗೆ ನಾಚಿಕೆಯಾಗಿ ಹೋಯ್ತು. ಎರಡು ತಿಂಗಳಿಂದ ಊರೋರನ್ನೆಲ್ಲ ಕೇಳಿದ್ದೆ, ಮಗಳನ್ನ ಎದುರಿಗೆ ಕೂರಿಸ್ಕೊಂಡು ಒಂದು ಮಾತು ಕೇಳಿರ್ಲಿಲ್ಲ. ಅವ್ವ ಮೊಮ್ಮಗಳ ಕಡೆ ತಿರುಗಿದ್ಲು.

"ಆಯ್ತು, ನೀನೇ ಹೇಳು ಮಗಾ. ಎಲ್ಲಿಗೋಗ್ತೀಯ?"

"ಕೊಯಮತ್ತೂರಿಗೆ ಅಜ್ಜಿ."

ಅಂದಿದ್ದೇ ತಡ, ಬಲಗಡೆಯ ಹೂವು ಪಟ್ ಅಂತ ಕೆಳಗೆ ಬಿತ್ತು. ಬಲಗಡೆ ಅಂದ್ರೆ ಕೃಷ್ಣಗಿರಿ, ಅವ್ವ ಬೇಡಿಕೊಂಡ ಕಡೆಯೇ! ಮಗಳ ಮುಖ ಬಾಡಿಹೋಯ್ತು. ಪೂಜಾರಪ್ಪ ಆ ಹೂವನ್ನ ಎತ್ಕೊಂಡು ಮೆಲ್ಲಗೆ ಆಚೆ ಬಂದ್ರು.

ಅವ್ವ ಅದನ್ನ ಅವರ ಕೈಯಿಂದ ಕಿತ್ಕೊಂಡು ಮೊಮ್ಮಗಳ ಜಡೆಗೆ ಸಿಕ್ಕಿಸಿ ಗದರಿದ್ಲು: "ಏನಂಗ್ ನೋಡ್ತೀಯ ಪೂಜಾರಪ್ಪ? ಅದು ಗಾಳಿಗೆ ಬಿದ್ದಿದ್ದು. ಲೆಕ್ಕಕ್ಕಿಲ್ಲ!"